ಹೊಸ್ತಿಲು ದಾಟದ ವಿದ್ಯೆ

ಕಳೆದ ಭಾನುವಾರ ಬೆಳಗ್ಗೆ ನಮ್ಮ ಮನೆಯಲ್ಲಿ ಕಾಫಿಯ ವಿಷಯವಾಗಿ ಒಂದು ಸಣ್ಣ ಸಮರವೇ ನಡೆದುಹೋಯಿತು. ಪತ್ರಿಕೆಯ ಒಳಪುಟದಲ್ಲಿ ಕಾಫಿ ಹೃದಯಕ್ಕೆ ಹಿತವೆಂಬ ಹೊಸ ಸಂಶೋಧನೆಯ ಸುದ್ದಿಯನ್ನು ಕಂಡು, ನಾನು ಧೈರ್ಯವಾಗಿ ಎರಡನೆಯ ಲೋಟಕ್ಕೆ ಕೈ ನೀಡಿದೆ. "ಹೋದ ತಿಂಗಳು ಕಾಫಿ ನಿದ್ರೆಗೆ ಶತ್ರುವೆಂದು ಗಟ್ಟಿಯಾಗಿ ಓದಿ ಹೇಳಿದವರೂ ತಾವೇ ಅಲ್ಲವೆ?" ಎಂದಳು ಮನೆಯಾಕೆ ಒಳಗಿನಿಂದ. ಲೋಟ ಬರಿದಾಗಿಯೇ ಹಿಂದಿರುಗಿತು.

ಹಳಗನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ವೈದ್ಯಶಾಸ್ತ್ರದಲ್ಲಿ ಮಾತನಾಡುವ ಅಧಿಕಾರವೆಲ್ಲಿಯದು ಎಂದು ವಾಚಕರು ಕೇಳಬಹುದು. ನಿಜ. ಆದರೆ ರೋಗಿಯಾಗುವ ಅಧಿಕಾರ ಎಲ್ಲರಿಗೂ ಉಂಟಷ್ಟೆ. ಆ ಅಧಿಕಾರದಿಂದಲೇ ಈ ವಾರ ನಾಲ್ಕು ಮಾತು ಬರೆಯುತ್ತಿದ್ದೇನೆ. ವಾರಕ್ಕೊಂದರಂತೆ ಹೊಸ ಶೋಧಗಳ ಸುದ್ದಿ ಬರುತ್ತಲೇ ಇದೆ. ಅವುಗಳಲ್ಲಿ ನಮ್ಮ ಮನೆಯ ಹೊಸ್ತಿಲವರೆಗೆ ಬಂದು ಮುಟ್ಟುವುವು ಎಷ್ಟು? ಮುಟ್ಟಲು ಅವಕ್ಕೆ ಎಷ್ಟು ಕಾಲ ಬೇಕು? ನಡುವೆ ನಿಂತು ತಡೆಯುವವರು ಯಾರು? ಈ ಪ್ರಶ್ನೆಗಳು ನನ್ನ ಮನಸ್ಸಿನಲ್ಲಿ ಮೂಡಲು ಕಾರಣ ನಮ್ಮ ಅಜ್ಜಿ.

ಸಿರುಗುಪ್ಪದ ನೆರೆಯ ದೇಶನೂರು ನಮ್ಮ ಊರು. ಅಜ್ಜಿಗೆ ಈಗ ಎಂಬತ್ತೇಳು ವರ್ಷ. ಆಕೆಯ ಕಡೆಯ ಮಗಳು, ನನಗೆ ಸೋದರತ್ತೆಯಾಗಬೇಕಾಗಿದ್ದವಳು, 1976ರ ಬೇಸಿಗೆಯಲ್ಲಿ ಎರಡು ವರ್ಷದ ಕೂಸಾಗಿದ್ದಾಗ ವಾಂತಿಭೇದಿಯಿಂದ ತೀರಿಕೊಂಡಳು. ಮಗು ನೀರು ನೀರೆಂದು ಅತ್ತಿತಂತೆ. "ನೀರು ಕುಡಿಸಿದ್ರ ಭೇದಿ ಇನ್ನೂ ಜಾಸ್ತಿ ಆಗ್ತೈತಿ ಅಂದ್ರಪ್ಪ ಹಿರೇರು. ಅದಕ್ಕ ಕೊಡ್ಲಿಲ್ಲ" ಎನ್ನುತ್ತಾಳೆ ಅಜ್ಜಿ. ಆ ಮಾತನ್ನು ಆಕೆ ಅಳುತ್ತ ಹೇಳುವುದಿಲ್ಲ. ಲೆಕ್ಕ ಒಪ್ಪಿಸುವವಳಂತೆ ಹೇಳುತ್ತಾಳೆ. ಮನೆಯಲ್ಲಿ ಉಪ್ಪಿತ್ತು, ಬೆಲ್ಲವಿತ್ತು, ಕಾಲುವೆಯಲ್ಲಿ ತುಂಗಭದ್ರೆ ಹರಿಯುತ್ತಿದ್ದಳು, ಒಲೆಯ ಮೇಲೆ ನೀರು ಕುದಿಸಲು ಪಾತ್ರೆಯೂ ಇತ್ತು. ಇಲ್ಲದೆ ಹೋದದ್ದು ಒಂದೇ, ತಿಳಿವಳಿಕೆ.

ಆ ತಿಳಿವಳಿಕೆ ಆಗ ಲೋಕದಲ್ಲಿ ಇರಲಿಲ್ಲವೆ? ಇತ್ತು. ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ ಎಂಬ ವೈದ್ಯರು ಕಾಲರಾ ಪೀಡಿತರಾದ 186 ಮಂದಿಗೆ ಬಾಯಿಯ ಮೂಲಕವೇ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕೊಟ್ಟು, ಅದರ ಫಲವನ್ನು 1953ರಲ್ಲಿಯೇ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ವಿದ್ವಾಂಸರು ಅದನ್ನು ಹೆಚ್ಚಾಗಿ ಗಮನಿಸಲಿಲ್ಲ. ಸಣ್ಣಕರುಳಿನಲ್ಲಿ ಉಪ್ಪೂ ಸಕ್ಕರೆಯೂ ಜೊತೆಗೂಡಿ ಒಳಸೇರುತ್ತವೆ, ಅವುಗಳ ಬೆನ್ನಿಗೆ ನೀರೂ ಸೇರುತ್ತದೆ ಎಂಬ ಗುಟ್ಟನ್ನು 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ವಿವರಿಸಿದನು. ಭೇದಿ ಎಷ್ಟೇ ಉಗ್ರವಾಗಿರಲಿ, ಕರುಳಿನ ಈ ಬಾಗಿಲು ಮುಚ್ಚುವುದಿಲ್ಲ. ಬರಿಯ ನೀರು ನಿಲ್ಲದಲ್ಲಿ ಉಪ್ಪು ಸಕ್ಕರೆಯ ನೀರು ನಿಲ್ಲುವುದು ಈ ಕಾರಣದಿಂದ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನೆಲಿನ್ ಮತ್ತು ರಿಚರ್ಡ್ ಕ್ಯಾಶ್ ಇದನ್ನು ಕಾಲರಾ ರೋಗಿಗಳಲ್ಲಿ ಪರೀಕ್ಷಿಸಿ ಸ್ಥಿರಪಡಿಸಿದರು.

1971ರಲ್ಲಿ ಬಾಂಗ್ಲಾದೇಶದ ಯುದ್ಧಕಾಲದಲ್ಲಿ ನಿರಾಶ್ರಿತರು ಲಕ್ಷೋಪಲಕ್ಷವಾಗಿ ಗಡಿ ದಾಟಿ ಬಂದರು. ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ದ್ರಾವಣ ಸಾಲದೆ ಬಂದಾಗ ಡಾಕ್ಟರ್ ದಿಲೀಪ್ ಮಹಲನಬಿಸ್ ಅವರು ಉಪ್ಪು, ಗ್ಲೂಕೋಸ್, ಅಡಿಗೆ ಸೋಡಾಗಳನ್ನು ತೂಗಿ ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕದಡಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. 1978ರಲ್ಲಿ ಅದೇ 'ಲ್ಯಾನ್ಸೆಟ್', ಇದು ಪ್ರಾಯಶಃ ಶತಮಾನದ ಅತ್ಯಂತ ಮಹತ್ವದ ವೈದ್ಯಕೀಯ ಮುನ್ನಡೆಯಾದೀತೆಂದು ಹೊಗಳಿತು. ಮಹಲನಬಿಸ್ ಅವರಿಗೆ ಪದ್ಮವಿಭೂಷಣ ಸಂದದ್ದು 2023ರಲ್ಲಿ. ಅವರು ತೀರಿಕೊಂಡ ಮರುವರ್ಷ.

ಲೆಕ್ಕ ನೋಡಿ. ಕಲ್ಕತ್ತೆಯ ಪ್ರಯೋಗಕ್ಕೂ ನಮ್ಮ ಅತ್ತೆಯ ಸಾವಿಗೂ ನಡುವೆ 23 ವರ್ಷ. ಬನಗಾಂವ್ ಶಿಬಿರಕ್ಕೂ ಅದಕ್ಕೂ ನಡುವೆ ಐದೇ ವರ್ಷ. ಇಂಗ್ಲೆಂಡಿನಲ್ಲಿ ಜೇಮ್ಸ್ ಲಿಂಡ್ 1747ರಲ್ಲಿ ನಿಂಬೆ ಕಿತ್ತಳೆಗಳು ಸ್ಕರ್ವಿ ರೋಗವನ್ನು ಗುಣಪಡಿಸುವುವೆಂದು ಕಂಡುಕೊಂಡರೂ, ನೌಕಾಪಡೆಯವರು ನಾವಿಕರಿಗೆಲ್ಲ ನಿಂಬೆರಸ ಕೊಡಲು 1795ರವರೆಗೆ ಕಾದರಂತೆ. ವಿದ್ಯೆಗೆ ಕಾಲಿಲ್ಲ, ಅದನ್ನು ಯಾರಾದರೂ ಹೊತ್ತು ತರಬೇಕು.

ಹಾಗೆಂದು ಎಲ್ಲ ವಿದ್ಯೆಯೂ ಔಷಧದ ಸೀಸೆಯಲ್ಲೇ ಬರಬೇಕೆಂದಿಲ್ಲ. ಜೋಳವನ್ನೇ ನೆಚ್ಚಿದ ನಮ್ಮ ದಖ್ಖನಿನ ಸೀಮೆಯಲ್ಲಿ ಒಂದು ಕಾಲಕ್ಕೆ ಪೆಲಾಗ್ರ ಎಂಬ ಬೇನೆ ಇತ್ತು. ಬಿಸಿಲು ತಾಗುವ ಕೈ, ಕುತ್ತಿಗೆಗಳ ಚರ್ಮ ಕಪ್ಪಾಗಿ ಒಡೆಯುವುದು, ಹೊಟ್ಟೆ ಕೆಡುವುದು, ಕೊನೆಗೆ ಬುದ್ಧಿಯೂ ಮಂಕಾಗುವುದು ಅದರ ಲಕ್ಷಣ. ಅಮೆರಿಕೆಯಲ್ಲಿ ಮುಸುಕಿನ ಜೋಳ ತಿನ್ನುವ ಬಡವರಲ್ಲಿ ಇದೇ ರೋಗವಿದ್ದಾಗ, ಜೋಸೆಫ್ ಗೋಲ್ಡ್‌ಬರ್ಗರ್ ಇದು ಅಂಟುರೋಗವಲ್ಲ, ಊಟದ ಕೊರತೆಯೆಂದು ತೋರಿಸಿದ್ದನು. ಹೈದರಾಬಾದಿನ ಪೋಷಣ ಸಂಶೋಧನಾಲಯದಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು 1960ರಲ್ಲಿ ನಮ್ಮ ಜೋಳದ ಕಡೆಗೆ ದೃಷ್ಟಿ ಹರಿಸಿ, ಅದರಲ್ಲಿ ಹೇರಳವಾಗಿರುವ ಲ್ಯೂಸಿನ್ ಎಂಬ ಅಂಶ ಈ ಬೇನೆಗೆ ಕಾರಣವಿರಬಹುದೆಂದರು. ಅದೊಂದೇ ಕಾರಣವೇ ಎಂಬ ಚರ್ಚೆ ಮುಂದೆ ನಡೆದದ್ದುಂಟು. ಆದರೆ ಜೋಳವೊಂದನ್ನೇ ನೆಚ್ಚಬಾರದು, ಜೊತೆಗೆ ಬೇಳೆ, ಹಾಲು ಮೊಸರು, ಕಾಯಿಪಲ್ಯೆ ಇರಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಈಗ ಆ ರೋಗ ಅಪರೂಪ. ಅದನ್ನು ಓಡಿಸಿದ್ದು ಗುಳಿಗೆಗಿಂತ ಹೆಚ್ಚಾಗಿ ತಟ್ಟೆಗೆ ಬಂದ ಬಗೆಬಗೆಯ ಊಟ. ನಗರಗಳಲ್ಲಿ ಜೋಳದ ರೊಟ್ಟಿಗೆ ಮತ್ತೆ ಮರ್ಯಾದೆ ಬಂದಿರುವ ಈ ದಿನಗಳಲ್ಲಿ, ರೊಟ್ಟಿಯ ಜೊತೆಗಾರರನ್ನು ಮರೆಯದಿರುವುದು ಒಳ್ಳೆಯದು.

ಒಮ್ಮೆ ಹೊಸ್ತಿಲು ಮುಟ್ಟಿದ್ದು ಎಂದೆಂದಿಗೂ ಉಳಿದೀತೆಂಬ ಭರವಸೆಯೂ ಇಲ್ಲ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದುವು. ಜನರೂ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು ಹುಡುಕಿ, ಇದು ಉಣ್ಣೆಗಳಿಂದ ಹರಡುವ ಹೊಸ ವೈರಸ್ಸೆಂದು ಕಂಡುಹಿಡಿದರು. ಮಲೆನಾಡಿನವರು 'ಮಂಗನ ಕಾಯಿಲೆ'ಯೆಂದು ಕರೆಯುವ ಈ ಬೇನೆಗೆ ಲಸಿಕೆಯೂ ಬಂದಿತು. ಅದರ ಶಕ್ತಿ ಸಾಲದೆಂದು ಕಂಡುಬಂದು ಇತ್ತೀಚಿನ ವರ್ಷಗಳಲ್ಲಿ ಬಳಕೆ ನಿಂತುಹೋಗಿದೆ. ಹೊಸ ಲಸಿಕೆಗಾಗಿ ಕೆಲಸ ನಡೆದಿದೆ. ಅಷ್ಟರವರೆಗೆ ಕಾಡಿಗೆ ಹೋಗುವ ದರಗೆಲೆಯವರೂ ದನ ಕಾಯುವವರೂ ಮೈಗೆ ಎಣ್ಣೆ ಸವರಿಕೊಂಡು, ಸಂಜೆ ಬಿಸಿನೀರು ಮಿಂದು, ಎಚ್ಚರಿಕೆಯಿಂದ ಕಾಲ ಕಳೆಯಬೇಕಾಗಿದೆ.

ಇನ್ನು ಕೆಲವು ಶೋಧಗಳು ಹೊಸ್ತಿಲನ್ನು ಬೇಕಾದುದಕ್ಕಿಂತ ಬೇಗನೆ ದಾಟಿಬಿಡುತ್ತವೆ. 1988ರಲ್ಲಿ, ಹೃದಯಾಘಾತದ ಸಂಶಯವಿದ್ದ 17,187 ರೋಗಿಗಳ ಮೇಲೆ ನಡೆದ ಮಹಾಪರೀಕ್ಷೆಯೊಂದರಲ್ಲಿ, ಕೂಡಲೇ ಆಸ್ಪಿರಿನ್ ಕೊಟ್ಟು ಒಂದು ತಿಂಗಳು ಮುಂದುವರಿಸಿದರೆ ಸಾವು ನೂರಕ್ಕೆ 23ರಷ್ಟು ಕಡಿಮೆಯಾಗುವುದೆಂದು ತಿಳಿಯಿತು. ಅಗ್ಗದ ಗುಳಿಗೆ, ಅಮೂಲ್ಯ ಫಲ. ಇದನ್ನು ಕೇಳಿ ನಮ್ಮ ಬೀದಿಯ ನಿವೃತ್ತ ಹೆಡ್‌ಮಾಸ್ತರರೊಬ್ಬರು, ಹೃದಯ ಗಟ್ಟಿಯಾಗಿದ್ದರೂ, ದಿನಕ್ಕೊಂದು ಆಸ್ಪಿರಿನ್ನನ್ನು ತೀರ್ಥದಂತೆ ಸೇವಿಸತೊಡಗಿದರು. 2018ರಲ್ಲಿ ಆಸ್ಟ್ರೇಲಿಯ ಮತ್ತು ಅಮೆರಿಕೆಯ 19,114 ಮಂದಿ ಆರೋಗ್ಯವಂತ ವೃದ್ಧರ ಪರೀಕ್ಷೆಯ ಫಲ ಹೊರಬಿದ್ದಿತು: ಅಂಥವರಿಗೆ ನಿತ್ಯದ ಆಸ್ಪಿರಿನ್ನಿನಿಂದ ಆಯುರಾರೋಗ್ಯ ಹೆಚ್ಚಲಿಲ್ಲ, ರಕ್ತಸ್ರಾವ ಮಾತ್ರ ಹೆಚ್ಚಿತು. ರೋಗಿಗೆ ಅಮೃತವಾದದ್ದು ನಿರೋಗಿಗೂ ಅಮೃತವಾಗಬೇಕೆಂಬ ನಿಯಮವಿಲ್ಲ. (ವೈದ್ಯರು ಬರೆದುಕೊಟ್ಟು ಸೇವಿಸುತ್ತಿರುವವರು ನನ್ನ ಮಾತು ಕೇಳಿ ನಿಲ್ಲಿಸಬಾರದು; ವೈದ್ಯರನ್ನೇ ಕೇಳಬೇಕು.) ಆದುದರಿಂದ ಶೋಧದ ಸುದ್ದಿ ಓದುವಾಗ ಮೂರು ಪ್ರಶ್ನೆಗಳನ್ನು ಕೈಯಲ್ಲಿಟ್ಟುಕೊಳ್ಳಿ: ಪರೀಕ್ಷೆ ನಡೆದದ್ದು ಇಲಿಗಳ ಮೇಲೋ ಮನುಷ್ಯರ ಮೇಲೋ? ಎಷ್ಟು ಮಂದಿಯ ಮೇಲೆ? ಅವರು ನನ್ನಂಥವರೇ? ಕಾಫಿಯ ಸಮರಗಳು ಅರ್ಧ ತಾನಾಗಿ ನಿಲ್ಲುತ್ತವೆ.

ತೀರ ಈಚಿನ ಎರಡು ಸಂಗತಿಗಳನ್ನು ಹೇಳಿ ಮುಂದುವರಿಯುತ್ತೇನೆ. ರಕ್ತದ ಕೆಲವು ಬಗೆಯ ಕ್ಯಾನ್ಸರಿಗೆ ರೋಗಿಯ ರಕ್ಷಕ ಜೀವಕೋಶಗಳನ್ನೇ ಹೊರತೆಗೆದು, ಪಳಗಿಸಿ, ಮರಳಿ ಮೈಗೆ ಬಿಡುವ ಚಿಕಿತ್ಸೆಯೊಂದನ್ನು ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಆಸ್ಪತ್ರೆಯವರ ಸಹಯೋಗದಲ್ಲಿ ಭಾರತದಲ್ಲಿಯೇ ಸಿದ್ಧಪಡಿಸಲಾಗಿದ್ದು, 2023ರ ಅಕ್ಟೋಬರಿನಲ್ಲಿ ಅದಕ್ಕೆ ಸರ್ಕಾರದ ಒಪ್ಪಿಗೆ ದೊರೆಯಿತು. ವಿದೇಶದ ಬೆಲೆಯ ಅಲ್ಪಾಂಶಕ್ಕೇ ಸಿಕ್ಕುವುದಾದರೂ ಲೆಕ್ಕ ಇನ್ನೂ ಲಕ್ಷಗಳಲ್ಲಿದೆ. ಇಲ್ಲಿ ಹೊಸ್ತಿಲಿನ ಎತ್ತರ ಹಣದ್ದು.

ಇನ್ನೊಂದು, ಹೆರಿಗೆಯ ಕೋಣೆಯದು. ಹೆರಿಗೆಯಾದ ಮೇಲೆ ರಕ್ತ ಹೋಗುತ್ತಿರುವ ಪ್ರಮಾಣವನ್ನು ಕಣ್ಣಂದಾಜಿನಲ್ಲಿ ಊಹಿಸುವುದೇ ಹಿಂದಿನಿಂದ ಬಂದ ರೂಢಿ. ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆಯೊಂದನ್ನು ಹಾಸಿ, ರಕ್ತ ಗೆರೆ ಮುಟ್ಟಿದೊಡನೆ ಗೊತ್ತಾದ ಐದಾರು ಉಪಚಾರಗಳನ್ನು ಒಟ್ಟಿಗೆ ಮಾಡಿದರೆ ಏನಾದೀತೆಂದು ಆಫ್ರಿಕದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಪರೀಕ್ಷಿಸಿದರು. 2023ರಲ್ಲಿ ಪ್ರಕಟವಾದ ಫಲ: ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತಗಳು ನೂರಕ್ಕೆ 60ರಷ್ಟು ಇಳಿದುವು. ಒಂದು ಹಾಳೆ, ಕೆಲವು ಗೆರೆ! ಇದನ್ನು ಓದುವಾಗ 2024ರ ನವೆಂಬರಿನಲ್ಲಿ ನಮ್ಮ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡ ಸುದ್ದಿ ನೆನಪಾಗದಿರದು. ಅವರಿಗೆ ಏರಿಸಿದ ದ್ರಾವಣದ ಮೇಲೆ ಸಂಶಯ ಬಂದು ಸರ್ಕಾರ ಅದರ ಬಳಕೆಯನ್ನು ತಡೆಹಿಡಿಯಿತು. ವಿದ್ಯೆ ಹೊಸ್ತಿಲು ದಾಟಿದರೆ ಸಾಲದು, ಶುದ್ಧವಾಗಿ ದಾಟಬೇಕು.

ಈಗ ಮತ್ತೆ ಅಜ್ಜಿಯ ಬಳಿಗೆ. ಕಳೆದ ಬೇಸಿಗೆಯಲ್ಲಿ ನನ್ನ ತಮ್ಮನ ಎರಡು ವರ್ಷದ ಮಗನಿಗೆ ಭೇದಿ ಹತ್ತಿತು. ಖಾಸಗಿ ವೈದ್ಯರೊಬ್ಬರ ಬಳಿಗೆ ಕರೆದೊಯ್ದರು; ಹಟ ಮಾಡಿ ಅಜ್ಜಿಯೂ ಹೊರಟಳು. ವೈದ್ಯರು ಎರಡು ಔಷಧ ಬರೆದು ಚೀಟಿ ಕೈಗಿತ್ತರು. ಅಜ್ಜಿ ಏಳಲಿಲ್ಲ. "ಆ ಉಪ್ಪು ಸಕ್ಕರಿ ಪುಡಿ ಬರೀರಿ, ಡಾಕ್ಟ್ರೇ" ಎಂದಳು. ವೈದ್ಯರು ನಕ್ಕು, "ಅದೇ ಸರಿಯಾದ ಮದ್ದು ಕಣಮ್ಮ. ಆದರೆ ಬರೆದರೆ ಜನ, ಇಷ್ಟಕ್ಕೆ ದುಡ್ಡು ಕೊಡಬೇಕೇ ಅನ್ನುತ್ತಾರೆ" ಎಂದರಂತೆ.

ಇದು ಆ ವೈದ್ಯರೊಬ್ಬರ ಮಾತಲ್ಲ. ನಮ್ಮ ಕರ್ನಾಟಕದ ಮತ್ತು ಬಿಹಾರದ 253 ಪಟ್ಟಣಗಳಲ್ಲಿ, ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ಚಿಕಿತ್ಸಕರ ಬಳಿಗೆ, ಭೇದಿಯಾದ ಮಗುವಿನ ತಂದೆಯ ಪಾತ್ರ ವಹಿಸಿದ ನಟರನ್ನು ಕಳುಹಿಸಿ ಸಂಶೋಧಕರು ಪರೀಕ್ಷಿಸಿದರು. ಫಲ 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಓ.ಆರ್.ಎಸ್. ಜೀವ ಉಳಿಸುತ್ತದೆಂದು ತಿಳಿದೂ ಚಿಕಿತ್ಸಕರು ಅದನ್ನು ಕೊಡದಿರುವುದೇಕೆ? ಪೊಟ್ಟಣ ದಾಸ್ತಾನಿಲ್ಲದಿರುವುದು ಕಾರಣದಲ್ಲಿ ನೂರಕ್ಕೆ 6 ಪಾಲು. ಬೇರೆ ಔಷಧ ಮಾರುವ ಲಾಭದಾಸೆ 5 ಪಾಲು. ರೋಗಿಗಳಿಗೆ ಅದು ಬೇಡವೆಂಬ ತಪ್ಪು ಊಹೆ ಮಾತ್ರ 42 ಪಾಲು! ಬಂದವರು ಓ.ಆರ್.ಎಸ್. ಬೇಕೆಂಬ ಇಚ್ಛೆಯನ್ನು ತೋರಿಸಿದಾಗ, ನೂರರಲ್ಲಿ ಇನ್ನೂ 27 ಸಲ ಅದು ಅವರ ಕೈಸೇರಿತು. ಅವರು ಕೇಳಲಿಲ್ಲವೆಂದು ಇವರು ಕೊಡಲಿಲ್ಲ. ಇವರು ಕೊಡಲಿಲ್ಲವೆಂದು ಅವರು ಬೇಕಿಲ್ಲವೆಂದುಕೊಂಡರು. ಹೊಸ್ತಿಲಿನ ಆಚೆ ನಿಂತಿದ್ದ ವಿದ್ಯೆಯನ್ನು ಒಳಗೆ ಬಾ ಎಂದು ಕರೆಯಬೇಕಾದವರು ನಾವೇ ಆಗಿದ್ದೆವು.

ಪೊಟ್ಟಣ ಮನೆಯಲ್ಲಿಡಿ. ಇಲ್ಲದ ಹೊತ್ತಿನಲ್ಲಿ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಮಟ್ಟ ಚಮಚ ಉಪ್ಪು, ಉಪ್ಪು ಹೆಚ್ಚಾಗಬಾರದು. ಗುಟುಕು ಗುಟುಕಾಗಿ ಕುಡಿಸಿ. ವೈದ್ಯರು ಹೇಳಿದಂತೆ ಸತುವಿನ ಗುಳಿಗೆಯನ್ನೂ ಕೊಡಿ. ಮಗು ಕುಡಿಯಲಾರದೆ ಸೋತರೆ, ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಆ ರಾತ್ರಿ ಅಜ್ಜಿ ಮರಿಮಗನನ್ನು ಯಾರ ಕೈಗೂ ಕೊಡಲಿಲ್ಲವಂತೆ. ತೊಡೆಯ ಮೇಲೆ ಮಲಗಿಸಿಕೊಂಡು, ಬಟ್ಟಲು ಚಮಚ ಹಿಡಿದು, ಬೆಳಗಿನ ಜಾವದವರೆಗೂ ಒಂದೊಂದೇ ಚಮಚ ಹಾಕಿದಳಂತೆ. ತಮ್ಮ ಹೇಳಿದ್ದು: "ನೀರು ಕೇಳಿದಾಗೆಲ್ಲ ಕೊಟ್ಲು ಅಣ್ಣ. ಕೇಳದಿದ್ದಾಗಲೂ ಕೊಟ್ಲು." ಬೆಳಗ್ಗೆ ಮಗು ಎದ್ದು ರೊಟ್ಟಿ ಬೇಡಿತು.