ಹಳೆಯ ಗಣಕಯಂತ್ರದ ದುರಸ್ತಿಯೂ ಹೊಸ ವ್ಯವಸ್ಥೆಯ ಅವಸರವೂ

ಬೆಟ್ಟು, ಮಜಲು, ಬೈಲು ಎಂಬ ಮೂರು ತರದ ಗದ್ದೆಗಳಿಗೆ ಒಂದೇ ಬೀಜವು ಒಗ್ಗದೆಂಬುದನ್ನು ಬಾರ್ಕೂರು ಸೀಮೆಯ ಬೇಸಾಯಗಾರರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಕೇರಳದ ಮಂಕೊಂಬಿನ ಭತ್ತ ಸಂಶೋಧನಾ ಕೇಂದ್ರದಿಂದ ಹೊರಟ ಎಂ.ಓ. ೪ ಎಂಬ ಕೆಂಪಕ್ಕಿಯ ತಳಿಯು ಈ ಕರಾವಳಿಯಲ್ಲಿ ನೆಲೆಯೂರಿದುದು ಯಾರ ಹೊಗಳಿಕೆಯಿಂದಲೂ ಅಲ್ಲ, ಗದ್ದೆಯಲ್ಲಿ ಫಲ ಕೊಟ್ಟುದರಿಂದ. ಬ್ರಹ್ಮಾವರದ ಸಂಶೋಧನಾ ಕೇಂದ್ರದವರು ನೆರೆನೀರು ನಿಲ್ಲುವ ತಗ್ಗು ಗದ್ದೆಗಳಿಗೆಂದು ಸಹ್ಯಾದ್ರಿ ಪಂಚಮುಖಿ ತಳಿಯನ್ನು ಸೂಚಿಸಿದಾಗಲೂ, ಜಾಣನಾದ ಬೇಸಾಯಗಾರನು ಹಳೆಯ ಬೀಜದ ಮುಡಿಯನ್ನು ಕಟ್ಟಿಟ್ಟುಕೊಂಡೇ ಹೊಸದನ್ನು ಒಂದು ಗದ್ದೆಯಲ್ಲಿ ಬಿತ್ತಿ ನೋಡುತ್ತಾನೆ. ಇಷ್ಟು ವಿವೇಕವುಳ್ಳವರೇ ಗಣಕಯಂತ್ರದ ಮುಂದೆ ಕುಳಿತಾಗ ಮಾತ್ರ ಅಂಗಡಿಯವನ ಮಾತನ್ನೇ ನಂಬಿ, ನಡೆಯುತ್ತಿರುವ ಯಂತ್ರವನ್ನು ಗುಜರಿಗೆ ಹಾಕಿ ಹೊಸದಕ್ಕೆ ಹಣ ಸುರಿಯುವುದು ವಿಷಾದಕರವಾದುದು.

ಗಣಕಯಂತ್ರದ ಮಾತು ಬೇಸಾಯದ ಪತ್ರಿಕೆಗೆ ಏತಕ್ಕೆಂದು ಕೆಲವರು ಕೇಳಬಹುದು. ಸುಮಾರು ೬೭ ಲಕ್ಷ ಭೂಮಾಲೀಕರ ೨ ಕೋಟಿಯಷ್ಟು ಪಹಣಿಗಳು ಭೂಮಿ ಯೋಜನೆಯ ಮೂಲಕ ಗಣಕಯಂತ್ರಕ್ಕೆ ಏರಿ ಎರಡು ದಶಕಗಳೇ ಕಳೆದಿವೆ. ೨೦೨೨ನೆಯ ಇಸವಿ ಜೂನ್ ೨೯ರಂದು ಕೇಂದ್ರ ಸಚಿವ ಸಂಪುಟವು ೬೩,೦೦೦ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಲೆಕ್ಕಪತ್ರಗಳನ್ನು ಗಣಕೀಕರಿಸಲು ೨,೫೧೬ ಕೋಟಿ ರೂಪಾಯಿಗಳ ಯೋಜನೆಯನ್ನು ಅಂಗೀಕರಿಸಿತು. ಸಾಲದ ಖಾತೆ, ಗೊಬ್ಬರದ ದಾಸ್ತಾನು, ತೋಟದ ಕೂಲಿಯ ಲೆಕ್ಕ, ಪಾಲುಪಟ್ಟಿಯ ಕರಡು ಇವೆಲ್ಲವೂ ಈಗ ಆ ಪೆಟ್ಟಿಗೆಯೊಳಗೆ ಇವೆ. ನೊಗ, ನೇಗಿಲು, ಪಂಪುಗಳಂತೆ ಇದೂ ಬೇಸಾಯದ ಒಂದು ಸಲಕರಣೆಯೇ ಆಗಿರುವುದರಿಂದ, ಇದನ್ನು ಕಾಪಾಡುವ ಕ್ರಮವನ್ನೂ ಬದಲಾಯಿಸುವ ಹೊತ್ತನ್ನೂ ಜಮೀನುದಾರರು ತಿಳಿದಿರುವುದು ಅವಶ್ಯಕ.

ಈ ವಿಷಯವು ಈಗ ಒದಗಿಬಂದ ಕಾರಣವನ್ನು ಸ್ವಲ್ಪ ವಿವರಿಸಬೇಕಾಗಿದೆ. ಯಂತ್ರದ ಅಂಗಾಂಗಗಳನ್ನು ಆಡಿಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಮೈಕ್ರೋಸಾಫ್ಟ್ ಕಂಪನಿಯವರ ವಿಂಡೋಸ್ ಎಂಬುದೇ ನಮ್ಮ ಊರುಗಳಲ್ಲಿ ಹೆಚ್ಚು ಬಳಕೆಯಲ್ಲಿರುವಂಥದು. ಅದರ ಎಕ್ಸ್‌ಪಿ ಎಂಬ ರೂಪಕ್ಕೆ ೨೦೧೪ರ ಏಪ್ರಿಲ್ ೮ರಂದೂ, ೭ನೆಯ ರೂಪಕ್ಕೆ ೨೦೨೦ರ ಜನವರಿ ೧೪ರಂದೂ, ೧೦ನೆಯ ರೂಪಕ್ಕೆ ೨೦೨೫ರ ಅಕ್ಟೋಬರ್ ೧೪ರಂದೂ ಕಂಪನಿಯ ಆಸರೆ ನಿಂತಿತು. ಆಸರೆ ನಿಲ್ಲುವುದೆಂದರೆ ಯಂತ್ರವು ಆ ದಿನ ನಿಂತುಹೋಗುವುದೆಂದಲ್ಲ. ಕಳ್ಳಗಿಂಡಿಗಳು ಕಂಡುಬಂದರೆ ಮುಚ್ಚುವ ತೇಪೆಗಳು ಇನ್ನು ಉಚಿತವಾಗಿ ಬಾರವೆಂದು ಅರ್ಥ. ಹಾಗಾದರೆ ೧೧ನೆಯ ರೂಪಕ್ಕೆ ಏರಬಾರದೇ ಎಂದರೆ, ಅದು ಟಿ.ಪಿ.ಎಂ. ೨.೦ ಎಂಬ ಭದ್ರತಾ ಚಿಪ್ಪನ್ನೂ, ೪ ಗಿಗಾಬೈಟ್ ರ‍್ಯಾಮನ್ನೂ, ಕಂಪನಿಯ ಪಟ್ಟಿಯಲ್ಲಿರುವ ಪ್ರೊಸೆಸರನ್ನೂ ಕೇಳುತ್ತದೆ. ಇಂಟೆಲ್‌ನವರ ಪ್ರೊಸೆಸರುಗಳಲ್ಲಿ ಹೆಚ್ಚುಕಡಮೆ ೮ನೆಯ ತಲೆಮಾರಿಗಿಂತ ಹಿಂದಿನವುಗಳಿಗೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲ. ಕೆಲಸದಲ್ಲಿ ಯಾವ ಕುಂದೂ ಇಲ್ಲದ ಯಂತ್ರಗಳು ಹೀಗೆ ಕಾಗದದ ಮೇಲೆ ಮುದಿಯಾದುವು. ಈ ಒಂದು ಬದಲಾವಣೆಯಿಂದ ಲೋಕದಲ್ಲಿ ೨೪ ಕೋಟಿ ಗಣಕಯಂತ್ರಗಳು ಕಸವಾಗಬಹುದೆಂದು ಕೆನಾಲಿಸ್ ಸಂಸ್ಥೆಯವರು ೨೦೨೩ರ ಡಿಸೆಂಬರಿನಲ್ಲಿಯೇ ಅಂದಾಜು ಮಾಡಿದ್ದರು.

ಬದಲಾವಣೆಯೆಲ್ಲವೂ ವ್ಯಾಪಾರದ ಹೂಟವೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ೨೦೧೭ರ ಮೇ ೧೨ರಂದು ವಾನಾಕ್ರೈ ಎಂಬ ಹಾವಳಿಯು ೧೫೦ಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿ, ಎರಡು ಲಕ್ಷಕ್ಕೂ ಮಿಕ್ಕ ಯಂತ್ರಗಳ ಕಡತಗಳಿಗೆ ಬೀಗ ಹಾಕಿ, ಬಿಡಿಸಲು ಹಣ ಕೇಳಿತು. ಇಂಗ್ಲೆಂಡಿನ ಆಸ್ಪತ್ರೆಗಳೂ ತತ್ತರಿಸಿದುವು. ಆ ಗಿಂಡಿಯನ್ನು ಮುಚ್ಚುವ ತೇಪೆಯು ಅದೇ ಮಾರ್ಚ್ ೧೪ರಂದೇ ಹೊರಬಿದ್ದಿತ್ತು. ಹಾಕಿಕೊಳ್ಳದೆ ಅಸಡ್ಡೆ ಮಾಡಿದವರೇ ಹೆಚ್ಚಾಗಿ ಕೆಟ್ಟರು. ಆದಕಾರಣ ಭದ್ರತೆಯ ತೇಪೆಯನ್ನು ನಿರಾಕರಿಸುವುದು ಜಾಣತನವಲ್ಲ, ಬೆಂಕಿರೋಗದ ಚುಕ್ಕೆಗಳನ್ನು ಕಂಡೂ ಕೈಕಟ್ಟಿ ಕುಳಿತಂತೆ.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಉಂಟು. ೨೦೧೮ರ ಅಕ್ಟೋಬರಿನಲ್ಲಿ ವಿಂಡೋಸ್ ೧೦ಕ್ಕೆ ಬಂದ ದೊಡ್ಡ ಪರಿಷ್ಕರಣವು ಕೆಲವು ಬಳಕೆದಾರರ ಸ್ವಂತ ಕಡತಗಳನ್ನೇ ಅಳಿಸಿಹಾಕಿದ್ದರಿಂದ, ಕಂಪನಿಯವರು ಅದನ್ನು ಕೆಲವೇ ದಿನಗಳಲ್ಲಿ ತಡೆಹಿಡಿದು, ತಿದ್ದಿ, ನವೆಂಬರಿನಲ್ಲಿ ಮತ್ತೆ ಕೊಡಬೇಕಾಯಿತು. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ದೋಷಯುಕ್ತ ಪರಿಷ್ಕರಣವೊಂದು ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿ, ಭಾರತದ ವಿಮಾನ ನಿಲ್ದಾಣಗಳಲ್ಲಿಯೂ ಕೈಬರಹದ ಚೀಟಿ ಕೊಡುವಂತೆ ಮಾಡಿತು. ಕಾಯುವುದಕ್ಕೆಂದು ಬಂದುದೇ ಕೆಡಿಸಿದ ನಿದರ್ಶನವಿದು. ಆದುದರಿಂದ ತಿಂಗಳ ತೇಪೆಯನ್ನು ಕೂಡಲೆ ಸ್ವೀಕರಿಸತಕ್ಕದ್ದು. ವ್ಯವಸ್ಥೆಯನ್ನೇ ಬುಡಮೇಲು ಮಾಡುವ ದೊಡ್ಡ ಪರಿಷ್ಕರಣವನ್ನು ಕೆಲವು ವಾರ ತಡೆದು, ಉಳಿದವರ ಅನುಭವವನ್ನು ಕೇಳಿದ ಬಳಿಕ ಸ್ವೀಕರಿಸತಕ್ಕದ್ದು. ಇವೆರಡನ್ನು ಒಂದೇ ಎಂದು ಭಾವಿಸುವುದರಿಂದಲೇ ಅನರ್ಥವಾಗುತ್ತಿದೆ.

ಹೊಸ ವ್ಯವಸ್ಥೆಗೆ ತೆರುವ ಬೆಲೆಯು ಯಂತ್ರದ ಕ್ರಯವೊಂದೇ ಅಲ್ಲ. ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು, ಬೆರಳಚ್ಚಿನ ಯಂತ್ರ, ಡಿಜಿಟಲ್ ಸಹಿಯ ಕಡ್ಡಿ ಇವುಗಳನ್ನು ಆಡಿಸುವ ತಂತ್ರಾಂಶವು ಹೊಸ ವ್ಯವಸ್ಥೆಗೆ ದೊರೆಯದಿದ್ದರೆ ಅವೂ ಮೂಲೆಗೆ ಸೇರಬೇಕಾಗುತ್ತದೆ. ೧೧ನೆಯ ವಿಂಡೋಸಿನ ಮನೆಬಳಕೆಯ ರೂಪವನ್ನು ಸ್ಥಾಪಿಸುವಾಗ ಕಂಪನಿಯ ಖಾತೆಯನ್ನು ತೆರೆಯಬೇಕೆನ್ನುತ್ತದೆ. ಕಡತಗಳನ್ನು ಕಂಪನಿಯ ದೂರದ ಉಗ್ರಾಣಕ್ಕೆ ಕಳುಹಿಸಲು ಮುಂದಾಗುತ್ತದೆ. ಉಚಿತವಾಗಿ ದೊರೆಯುವ ಜಾಗ ೫ ಗಿಗಾಬೈಟ್ ಮಾತ್ರ. ಅದು ತುಂಬಿದ ಮೇಲೆ ಬಾಡಿಗೆ ತೆರಬೇಕು. ತನ್ನ ಕಣಜದ ಕೀಲಿಕೈ ಎಲ್ಲಿದೆಯೆಂದು ತಿಳಿಯದೆ ಒಪ್ಪಿಗೆಯ ಗುಂಡಿಯನ್ನು ಒತ್ತುವುದು ಜಮೀನುದಾರನಿಗೆ ಉಚಿತವಲ್ಲ.

ಇದಕ್ಕಿಂತಲೂ ಮುಖ್ಯವಾದುದು ಬರಹ ಉಳಿಯುವ ಮಾತು. ವಿಜಯನಗರದ ಅರಸರ ಕಾಲದಲ್ಲಿ ಬಾರಕೂರು ರಾಜ್ಯದ ಮುಖ್ಯ ಪಟ್ಟಣವಾಗಿದ್ದ ಈ ಊರಿನಲ್ಲಿ ಭೂಮಿಯ ದತ್ತಿಗಳನ್ನು ಕಲ್ಲಿನಲ್ಲಿ ಕೆತ್ತಿದರು. ಶತಮಾನಗಳು ಕಳೆದರೂ ಲಿಪಿ ಬಲ್ಲವನು ಅವನ್ನು ಓದಬಲ್ಲನು. ಆದರೆ ೨೦ ವರ್ಷಗಳ ಹಿಂದೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಅಕ್ಷರಮಾದರಿಯಲ್ಲಿ ಬರೆದಿಟ್ಟ ಪಾಲುಪಟ್ಟಿಯನ್ನು ಆ ಮಾದರಿಯಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗೀಟುಗಳೇ ಕಾಣುತ್ತವೆ. ಯೂನಿಕೋಡ್ ಎಂಬ ಸರ್ವಸಮ್ಮತ ಸಂಕೇತದಲ್ಲಿ ಕನ್ನಡಕ್ಕೆ ೧೯೯೧ರಿಂದಲೇ ಸ್ಥಾನವಿದ್ದು, ಅದರಲ್ಲಿ ಬರೆದುದು ಎಲ್ಲ ವ್ಯವಸ್ಥೆಗಳಲ್ಲಿಯೂ ತೆರೆಯುತ್ತದೆ. ಬದಲಾವಣೆಯಲ್ಲಿ ಉಳಿಸಬೇಕಾದುದನ್ನು ಉಳಿಸಿಕೊಳ್ಳಲು ಸಾಧ್ಯವೆಂಬುದಕ್ಕೆ ನಮ್ಮ ಕರಾವಳಿಯವರೇ ಆದ ಕಿನ್ನಿಕಂಬಳದ ಕೆ.ಪಿ. ರಾಯರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವೇ ಸಾಕ್ಷಿ. ಯಂತ್ರಗಳೂ ವ್ಯವಸ್ಥೆಗಳೂ ಎಷ್ಟು ಬದಲಾದರೂ, ಅದನ್ನು ಕಲಿತ ಬೆರಳುಗಳಿಗೆ ಮರುಪಾಠ ಬೇಕಾಗಲಿಲ್ಲ. ಆದಕಾರಣ ಯಾವುದೇ ಬದಲಾವಣೆಗೆ ಮುನ್ನ ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಮುಖ್ಯವಾದವುಗಳ ಒಂದೊಂದು ಪ್ರತಿಯನ್ನು ಕಾಗದದಲ್ಲಿಯೂ ಮುದ್ರಿಸಿ ಇಡತಕ್ಕದ್ದು.

ಇನ್ನು ದುರಸ್ತಿಯ ವಿಚಾರ. ಅಡಕೆ ಮರದ ಗರಿ ಹಳದಿಯಾದೊಡನೆ ಮರವನ್ನೇ ಕಡಿಯುವವನಿಲ್ಲ. ಬೇರು, ನೀರು, ಮಣ್ಣು ಎಂದು ಒಂದೊಂದಾಗಿ ಪರೀಕ್ಷಿಸುತ್ತಾನೆ. ಯಂತ್ರಕ್ಕೂ ಅದೇ ಕ್ರಮ ಸಲ್ಲುತ್ತದೆ. ವರ್ಷಕ್ಕೆ ಸುಮಾರು ೪,೦೦೦ ಮಿಲ್ಲಿಮೀಟರ್ ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ಈ ನಾಡಿನಲ್ಲಿ ಯಂತ್ರಗಳ ಬೇನೆಯಲ್ಲಿ ಬಹುಪಾಲು ತೇವ, ಧೂಳು, ಕಿಲುಬು, ಸಿಡಿಲುಗಳಿಂದ ಬರುವಂಥದು. ಅದಕ್ಕೆ ವ್ಯವಸ್ಥೆಯ ಬದಲಾವಣೆಯು ಮದ್ದಲ್ಲ.

ಮೊದಲನೆಯದಾಗಿ, ಯಂತ್ರವನ್ನು ತೆರೆದಾಗಲೆಲ್ಲ ತಾರೀಖು ಹಿಂದಿನ ಯಾವುದೋ ವರ್ಷಕ್ಕೆ ಸರಿದಿದ್ದು, ಬ್ಯಾಂಕಿನ ಪುಟಗಳು ತೆರೆಯಲೊಲ್ಲದಿದ್ದರೆ, ಮದರ್‌ಬೋರ್ಡಿನಲ್ಲಿರುವ ಸಿ.ಆರ್. ೨೦೩೨ ಎಂಬ ನಾಣ್ಯದಾಕಾರದ ಸೆಲ್ಲು ಸತ್ತಿದೆಯೆಂದು ತಿಳಿಯಬೇಕು. ಗಡಿಯಾರದ ಅಂಗಡಿಯಲ್ಲಿಯೂ ದೊರೆಯುವ ಈ ಸೆಲ್ಲನ್ನು ಹಾಕಿದರೆ ಬೇನೆ ಗುಣವಾಗುತ್ತದೆ.

ಎರಡನೆಯದಾಗಿ, ಗುಂಡಿ ಒತ್ತಿದೊಡನೆ ಕೀಂ ಕೀಂ ಎಂದು ಕೂಗಿ ಪರದೆಯು ಕಪ್ಪಾಗಿಯೇ ಉಳಿದರೆ, ಹೆಚ್ಚಾಗಿ ರ‍್ಯಾಮಿನ ಪಟ್ಟಿಯ ಅಂಚು ಕಿಲುಬು ಹಿಡಿದಿರುತ್ತದೆ. ವಿದ್ಯುತ್ತಿನ ತಂತಿಯನ್ನು ಕಿತ್ತು, ಪಟ್ಟಿಯನ್ನು ಹೊರತೆಗೆದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲು ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಒರಸಿ, ಮತ್ತೆ ಬಿಗಿಯಾಗಿ ಕೂಡಿಸಬೇಕು.

ಮೂರನೆಯದಾಗಿ, ಕೆಲವು ನಿಮಿಷ ನಡೆದು ತಾನಾಗಿ ಆರಿಹೋಗುವ ಯಂತ್ರದಲ್ಲಿ ಫ್ಯಾನಿನ ಧೂಳನ್ನೂ, ಪ್ರೊಸೆಸರಿನ ಮೇಲೆ ಒಣಗಿದ ಲೇಪವನ್ನೂ ನೋಡಬೇಕು. ಇರುವೆ, ಜಿರಳೆ, ಹಲ್ಲಿಗಳು ಪೆಟ್ಟಿಗೆಯಲ್ಲಿ ಮನೆ ಮಾಡುವುದೂ ಉಂಟು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಡದೆ ಆಗಾಗ ಸ್ವಲ್ಪ ಹೊತ್ತು ನಡೆಸಿದರೆ ಒಳಗಿನ ತೇವವು ಆರುತ್ತದೆ. ಗುಡುಗು ಕೇಳಿದೊಡನೆ ವಿದ್ಯುತ್ತಿನ ತಂತಿಯನ್ನು ಮಾತ್ರವಲ್ಲದೆ ಇಂಟರ್‌ನೆಟ್ಟಿನ ತಂತಿಯನ್ನೂ ಕಳಚುವುದನ್ನು ಮರೆಯಕೂಡದು.

ನಾಲ್ಕನೆಯದಾಗಿ, ಯಂತ್ರವು ಬಸವನಹುಳುವಿನಂತೆ ನಡೆಯುತ್ತಿದೆಯೆಂಬ ದೂರು. ಇದರಲ್ಲಿ ಹೆಚ್ಚಿನ ಪಾಲು ತಿರುಗುವ ಹಾರ್ಡ್ ಡಿಸ್ಕಿನ ದೋಷವೇ ಆಗಿರುತ್ತದೆ. ಅದರೊಳಗಿಂದ ಟಿಕ್ ಟಿಕ್ ಎಂಬ ಸದ್ದು ಕೇಳಿಸಿದರೆ ಬೇರೆ ಕೆಲಸವನ್ನೆಲ್ಲ ನಿಲ್ಲಿಸಿ ಮೊದಲು ಕಡತಗಳನ್ನು ನಕಲು ಮಾಡಿಕೊಳ್ಳತಕ್ಕದ್ದು. ಆ ಡಿಸ್ಕಿಗೆ ಬದಲಾಗಿ ಎಸ್.ಎಸ್.ಡಿ.ಯನ್ನೂ, ರ‍್ಯಾಮು ೪ ಗಿಗಾಬೈಟ್ ಇದ್ದಲ್ಲಿ ಇನ್ನೊಂದು ಪಟ್ಟಿಯನ್ನೂ ಹಾಕಿದರೆ, ಹತ್ತು ವರ್ಷದ ಯಂತ್ರವೂ ಲೆಕ್ಕಪತ್ರದ ಕೆಲಸವನ್ನು ಚುರುಕಾಗಿ ಮಾಡುತ್ತದೆ.

ಹೀಗೆ ಗುಣವಾದ ಯಂತ್ರಕ್ಕೆ ವಿಂಡೋಸ್ ೧೦ರ ಆಸರೆ ತಪ್ಪಿದ ಮೇಲೆ ಗತಿಯೇನೆಂಬುದಕ್ಕೆ ಮೂರು ದಾರಿಗಳಿವೆ. ಟಿ.ಪಿ.ಎಂ. ಚಿಪ್ಪು ಇದ್ದೂ ಮುಚ್ಚಿರುವ ಯಂತ್ರಗಳುಂಟು. ಆರಂಭದ ಸೆಟ್ಟಿಂಗಿನಲ್ಲಿ ಅದನ್ನು ತೆರೆದು ನೋಡುವುದು ಮೊದಲನೆಯ ದಾರಿ. ಕಂಪನಿಯವರು ಮನೆಬಳಕೆಯವರಿಗೆ ೨೦೨೬ರ ಅಕ್ಟೋಬರ್ ೧೩ರ ವರೆಗೂ, ಸಂಸ್ಥೆಗಳಿಗೆ ಶುಲ್ಕ ಪಡೆದು ೩ ವರ್ಷಗಳ ವರೆಗೂ ತೇಪೆ ಕೊಡುವುದಾಗಿ ಸಾರಿದರು. ಇದು ವಾಯಿದೆ ಪಡೆಯುವ ದಾರಿ. ಮೂರನೆಯದು ಲಿನಕ್ಸ್ ಎಂಬ ಉಚಿತ ಹಾಗೂ ಮುಕ್ತ ವ್ಯವಸ್ಥೆ. ಇದು ಬರಿಯ ಪಂಡಿತರ ಆಟವೆಂದು ಭಾವಿಸಬೇಕಾಗಿಲ್ಲ. ಕೇರಳದ ಶಾಲೆಗಳಲ್ಲಿ, ಕಾಸರಗೋಡು ಮಂಜೇಶ್ವರಗಳ ಕನ್ನಡ ಮಾಧ್ಯಮದ ಮಕ್ಕಳೂ ಸೇರಿದಂತೆ, ವಿದ್ಯಾರ್ಥಿಗಳು ಅಲ್ಲಿನ ಸರಕಾರದ ಕೈಟ್ ಸಂಸ್ಥೆಯು ಸಿದ್ಧಪಡಿಸಿದ ಲಿನಕ್ಸನ್ನೇ ಕಲಿಯುತ್ತಾರೆ. ಶಾಲೆಯ ಮಕ್ಕಳು ಕಲಿಯಬಲ್ಲುದನ್ನು ಸಂಘದ ಗುಮಾಸ್ತರು ಕಲಿಯಲಾರರೇ? ಆದರೆ ಬೆರಳಚ್ಚಿನ ಯಂತ್ರವೂ ಲೆಕ್ಕದ ತಂತ್ರಾಂಶವೂ ಅದರಲ್ಲಿ ನಡೆಯುವುವೇ ಎಂಬುದನ್ನು ಮೊದಲೇ ನೋಡಿಕೊಳ್ಳತಕ್ಕದ್ದು. ಪೆನ್ ಡ್ರೈವಿನಿಂದಲೇ ಅದನ್ನು ನಡೆಸಿ ಪರೀಕ್ಷಿಸುವ ಸೌಕರ್ಯವಿರುವುದರಿಂದ, ಹಳೆಯ ವ್ಯವಸ್ಥೆಗೆ ಕೈಹಚ್ಚದೆಯೇ ಇದನ್ನು ತಿಳಿಯಬಹುದು.

ಮೂರೂ ಒದಗದಿದ್ದರೆ ಆ ಯಂತ್ರವನ್ನು ಇಂಟರ್‌ನೆಟ್ಟಿನಿಂದ ಕಳಚಿ, ಬರವಣಿಗೆಗೂ ಮುದ್ರಣಕ್ಕೂ ಮೀಸಲಿಡಬಹುದು. ಆಸರೆ ತಪ್ಪಿದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರವನ್ನಾಗಲಿ, ಸದಸ್ಯರ ಆಧಾರ್ ವಿವರಗಳನ್ನಾಗಲಿ ನಡೆಸುವುದು ಸರ್ವಥಾ ಕೂಡದು. ಸ್ವಂತದ ಹಣವನ್ನು ಅಪಾಯಕ್ಕೆ ಒಡ್ಡಲು ಒಬ್ಬನಿಗೆ ಹಕ್ಕಿರಬಹುದು, ಸಂಘದ ಸದಸ್ಯರ ಹಣವನ್ನು ಒಡ್ಡಲು ಯಾರಿಗೂ ಹಕ್ಕಿಲ್ಲ. ಮದರ್‌ಬೋರ್ಡೇ ಸುಟ್ಟು, ದುರಸ್ತಿಯ ವೆಚ್ಚವು ಹೊಸದರ ಕ್ರಯವನ್ನು ಸಮೀಪಿಸಿದಾಗ ಹಳೆಯದನ್ನು ಬಿಡುವುದೇ ಲೇಸು. ಆಗಲೂ ಡಿಸ್ಕನ್ನು ತೆಗೆದಿಟ್ಟುಕೊಂಡು, ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತರಾದವರಿಗೆ ಯಂತ್ರವನ್ನು ಒಪ್ಪಿಸಬೇಕೇ ಹೊರತು, ತೋಟದ ಮೂಲೆಯಲ್ಲಿ ಸುಡಬಾರದು. ಅದರ ಸೀಸವು ಬಾವಿಯ ನೀರಿಗೆ ಇಳಿದೀತು.

ಊರಿನ ಮುಖ್ಯಸ್ಥರೂ ಸಂಘಗಳ ನಿರ್ದೇಶಕರೂ ಈ ವಿಷಯದಲ್ಲಿ ಮೇಲ್ಪಂಕ್ತಿ ಹಾಕಬೇಕಾದವರು. ಹೊಸ ಯಂತ್ರಗಳ ಖರೀದಿಯ ಪ್ರಸ್ತಾಪವು ಸಭೆಯ ಮುಂದೆ ಬಂದಾಗ, ಹಳೆಯದರ ಬೇನೆ ಏನು, ಅದನ್ನು ಯಾರು ಪರೀಕ್ಷಿಸಿದರು, ದುರಸ್ತಿಗೆ ತಗಲುವ ವೆಚ್ಚವೆಷ್ಟು, ಹೊಸದರೊಡನೆ ಪ್ರಿಂಟರು ಮತ್ತು ಬೆರಳಚ್ಚಿನ ಯಂತ್ರಗಳು ನಡೆಯುವುವೇ ಎಂಬ ನಾಲ್ಕು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯದೆ ಮಂಜೂರು ಮಾಡಬಾರದು. ಯಾವ ಯಂತ್ರವಿದ್ದರೂ ಲೆಕ್ಕಪತ್ರಗಳ ಮೂರು ಪ್ರತಿಗಳಿರಬೇಕು. ಅವುಗಳಲ್ಲಿ ಒಂದು ಬೇರೆ ಕಟ್ಟಡದಲ್ಲಿರಬೇಕು. ಈ ಕೆಲಸಕ್ಕೆ ಹೊಸ ವ್ಯವಸ್ಥೆಯೂ ಬೇಡ, ಹೆಚ್ಚಿನ ಹಣವೂ ಬೇಡ. ಕಾರ್ತಿಯ ನಾಟಿ ಮುಗಿದು ಮಳೆಯು ಮನೆಯೊಳಗೆ ಕೂರಿಸುವ ದಿನಗಳಲ್ಲಿ ಒಂದು ಮಧ್ಯಾಹ್ನವನ್ನು ಇದಕ್ಕಾಗಿ ತೆಗೆದಿಟ್ಟರೆ ಸಾಕಾದೀತು.