ಉಕ್ಕಿನ ಕೊಳವೆಗೊಂದು ಒಳಅಂಗಿ

ಸೇದುಬಾವಿಯ ಕಟ್ಟೆಗಲ್ಲಿನ ಮೇಲೆ ಹಗ್ಗವು ಕೊರೆದ ಗೀರುಗಳನ್ನು ಯಾರು ಕಂಡಿಲ್ಲ? ಮೆತ್ತನೆಯ ನಾರು ಗಟ್ಟಿ ಕಲ್ಲನ್ನು ಸವೆಸಬಲ್ಲುದಾದರೆ, ಉಕ್ಕು ಉಕ್ಕನ್ನೇ ಹಗಲಿರುಳು ಉಜ್ಜುತ್ತಿದ್ದರೆ ಏನಾದೀತು? ಎಣ್ಣೆಬಾವಿಗಳ ಆಳದಲ್ಲಿ ನಡೆಯುವುದು ಇದೇ.

ಅಮೆರಿಕದ ಪಶ್ಚಿಮ ಟೆಕ್ಸಾಸಿನ ಬಯಲಿನಲ್ಲಿ, ಎಡೆಬಿಡದೆ ತಲೆಯಾಡಿಸುವ ಉಕ್ಕಿನ ತೊಲೆಗಳು ಎಲ್ಲೆಲ್ಲೂ ಕಾಣುತ್ತವೆ. ತೊಲೆಗೆ ತೂಗಿಬಿಟ್ಟ ಸರಳುಗಳ ಮಾಲೆಯು ಕೊಳವೆಯೊಳಗೆ ಏರಿಳಿದು ತಳದ ಪಂಪನ್ನು ನಡೆಸುತ್ತದೆ. ಸರಳೊಂದರ ಉದ್ದ 25 ಅಡಿಯಾದರೆ, 5,000 ಅಡಿ ಆಳಕ್ಕೆ 200 ಸರಳುಗಳು. ಮುಕ್ಕಾಲು ಅಂಗುಲ ದಪ್ಪದ ಸರಳುಗಳಾದರೂ ಒಟ್ಟು ತೂಕ ಮೂರೂವರೆ ಟನ್ನುಗಳನ್ನು ಮೀರುತ್ತದೆ. ನಿಮಿಷಕ್ಕೆ 8 ಬಾರಿಯಂತೆ ವರ್ಷಕ್ಕೆ 42 ಲಕ್ಷ ಸಲ ಈ ಭಾರ ಏರಿ ಇಳಿಯಬೇಕು.

ಬಾವಿ ನೆಟ್ಟಗಿದ್ದರೆ ಚಿಂತೆ ಕಡಿಮೆ. ಆದರೆ ಬಂಡೆಯನ್ನು ಕೊರೆಯುವ ಮೊನೆ ದಾರಿಯಲ್ಲಿ ಅತ್ತಿತ್ತ ಸರಿಯುತ್ತದೆ. ಬಾವಿ ಬಾಗಿದೆಡೆಯಲ್ಲಿ ಸರಳುಗಳನ್ನು ಜೋಡಿಸುವ ದಪ್ಪ ಗಂಟುಗಳು ಕೊಳವೆಯ ಒಂದೇ ಪಕ್ಕವನ್ನು ಉಜ್ಜುತ್ತವೆ. ಎಣ್ಣೆಯ ಜಿಡ್ಡು ಸವೆತವನ್ನು ತಡೆಯದೆ? ಎಂದು ಕೇಳಬಹುದು. ಹಳೆಯ ಬಾವಿಗಳಲ್ಲಿ ಅನೇಕ ವೇಳೆ ಎಣ್ಣೆಗಿಂತ ಉಪ್ಪುನೀರೇ ಹೆಚ್ಚು. ನೀರು ಉಕ್ಕಿಗೆ ತುಕ್ಕು ಹಿಡಿಸುತ್ತದೆ; ಗಂಟು ಆ ತುಕ್ಕನ್ನು ಕೆರೆದು ಹೊಸ ಉಕ್ಕನ್ನು ನೀರಿಗೊಡ್ಡುತ್ತದೆ. ಕಡೆಗೆ ಕೊಳವೆ ತೂತಾಗುತ್ತದೆ. ಮೇಲೆ ತೊಲೆ ಎಂದಿನಂತೆ ತಲೆಯಾಡಿಸುತ್ತಲೇ ಇರುತ್ತದೆ. ಎತ್ತಿದ ಎಣ್ಣೆ ಮಾತ್ರ ತೂತಿನಿಂದ ಸೋರಿ ಬಾವಿಯ ತಳಕ್ಕೇ ಮರಳುತ್ತಿರುತ್ತದೆ. ಆಗ ಸರಳು ಕೊಳವೆಗಳನ್ನೆಲ್ಲ ಹೊರಗೆಳೆಯಬೇಕು. ದಿನಕ್ಕೆ ಕೆಲವೇ ಪೀಪಾಯಿ ಎಣ್ಣೆ ಕೊಡುವ ಬಾವಿಗೆ ಈ ವೆಚ್ಚ ಪದೇ ಪದೇ ಬಂದರೆ, ತಳದಲ್ಲಿ ಎಣ್ಣೆಯಿರುವಾಗಲೇ ಅದನ್ನು ಮುಚ್ಚಬೇಕಾದೀತು.

ಇದಕ್ಕೆ ಯಂತ್ರಶಾಸ್ತ್ರಜ್ಞರು ಕಂಡುಕೊಂಡ ಉಪಾಯಗಳಲ್ಲಿ ಒಂದು, ಕೊಳವೆಗೆ ಪ್ಲಾಸ್ಟಿಕ್ಕಿನ ಒಳಅಂಗಿ ತೊಡಿಸುವುದು. ನೀರಿನ ನಲ್ಲಿಗಳಿಗೆ ಬಳಸುವ ಪಾಲಿಥಿಲೀನಿನ ಜಾತಿಯದೇ ಇದು. ಉಕ್ಕಿನ ಕೊಳವೆಯ ಒಳ ಅಳತೆಗಿಂತ ತುಸು ದೊಡ್ಡದಾದ ಪ್ಲಾಸ್ಟಿಕ್ ಕೊಳವೆಯನ್ನು ಉರುಳೆಗಳ ನಡುವೆ ಅಮುಕಿ ಒಳಗೆಳೆಯುತ್ತಾರೆ. ಬಿಟ್ಟೊಡನೆ ಅದು ಹಿಗ್ಗಿ ಉಕ್ಕಿನ ಗೋಡೆಯನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ, ಅಂಟು ಬೇಕಿಲ್ಲ. ಇದರ ನುಣುಪಿನ ಮೇಲೆ ಗಂಟು ಸುಲಭವಾಗಿ ಜಾರುತ್ತದೆ. ಘರ್ಷಣೆ ತಗ್ಗಿದಷ್ಟೂ ತೊಲೆಯ ಹೊರೆಯೂ ತಗ್ಗುತ್ತದೆ. ಉಪ್ಪುನೀರು ಉಕ್ಕನ್ನು ಮುಟ್ಟುವುದೂ ತಪ್ಪುತ್ತದೆ.

ಹಾಗೆಂದು ಇದು ಎಲ್ಲ ಬಾವಿಗಳಿಗೂ ಹೊಂದುವ ಮದ್ದಲ್ಲ. ಒಳಅಂಗಿಯಿಂದ ದಾರಿ ಕಿರಿದಾಗುತ್ತದೆ. ಎಣ್ಣೆ ಮಂದವಾಗಿದ್ದರೆ ಆ ಇಕ್ಕಟ್ಟಿನಲ್ಲಿ ಸರಳುಗಳನ್ನು ಅದೇ ಹಿಡಿದೆಳೆಯುತ್ತದೆ. ಗೋಡೆಯಲ್ಲಿ ಉಳಿಸಿದ್ದನ್ನು ದ್ರವದಲ್ಲಿ ಕಳೆದುಕೊಂಡಂತಾಗುತ್ತದೆ. ಒರಟು ಗಂಟು ಪ್ಲಾಸ್ಟಿಕ್ಕನ್ನು ಹೆರೆಯುತ್ತದೆ. ಭೂಮಿಯ ಆಳದ ಶಾಖ ಹೆಚ್ಚಿದರೆ ಪಾಲಿಥಿಲೀನು ಮೆದುವಾಗುತ್ತದೆ. ಅಲ್ಲಿಗೆ ಬೆಲೆಬಾಳುವ ಬೇರೆ ಪ್ಲಾಸ್ಟಿಕ್ಕುಗಳೇ ಬೇಕು.

ಆದುದರಿಂದ ಬಾವಿಯ ಬಾಗು, ಶಾಖ, ಎಣ್ಣೆಯ ಮಂದತೆ ಇವು ಮೂರನ್ನೂ ಅಳೆದ ಮೇಲೆಯೇ ಒಳಅಂಗಿಯ ಮಾತು. ಅಳತೆ ಸರಿಹೊಂದಿದಲ್ಲಿ, ಉಕ್ಕಿನಿಂದ ಉಕ್ಕನ್ನು ಕಾಯುವ ಕೆಲಸವನ್ನು ಮೆತ್ತನೆಯ ಪ್ಲಾಸ್ಟಿಕ್ಕು ಸದ್ದಿಲ್ಲದೆ ಮಾಡುತ್ತದೆ.