ಹೊಗೆಯ ವಾಸನೆ

ಮದ್ಯದ ವಿಷಯವನ್ನು ಈ ಅಂಕಣದಲ್ಲಿ ಎತ್ತಿಕೊಂಡೆನೆಂದು ವಾಚಕರು ಹುಬ್ಬೇರಿಸಬಾರದು. ಕುಡಿಯುವವರ ಪರವಾಗಿ ವಕಾಲತ್ತು ವಹಿಸುವುದು ನನ್ನ ಉದ್ದೇಶವಲ್ಲ. ಕುಡಿಯದವರ ಪರವಾಗಿ ಉಪದೇಶ ಮಾಡುವುದೂ ಅಲ್ಲ. ನಾನಂತೂ ಕಾಫಿಯಿಂದ ಆಚೆಗೆ ಹೆಜ್ಜೆಯಿಟ್ಟವನಲ್ಲ. ನಾನು ಹೇಳಹೊರಟಿರುವುದು ಕನ್ನಡದ ಒಂದು ಮಾತನ್ನು ಕುರಿತು. ಅದರ ಅರ್ಥ ನನಗೆ ತಿಳಿದದ್ದು ಒಂದು ವಿಸ್ಕಿ ಬಾಟಲಿಯ ಬಳಿ ಕುಳಿತಾಗ ಎಂಬುದು ನನ್ನ ತಪ್ಪಲ್ಲ.

ಕಾಲೇಜಿನಲ್ಲಿ ನನ್ನ ಜೊತೆಗೆ ಓದಿದ ಗೆಳೆಯನೊಬ್ಬ ಅಮೆರಿಕದ ಟೆಕ್ಸಾಸಿನಲ್ಲಿ ನೆಲಸಿದ್ದಾನೆ. ಕಳೆದ ರಜೆಯಲ್ಲಿ ಅವನು ಊರಿಗೆ ಬಂದಾಗ ಹಳೆಯ ಸ್ನೇಹಿತರು ನಾಲ್ವರು ಒಬ್ಬನ ಮನೆಯಲ್ಲಿ ಕಲೆತೆವು. ಊಟಕ್ಕೆ ಮುಂಚೆ ಅವನು ಒಂದು ಬಾಟಲಿಯನ್ನು ತಂದು ಮೇಜಿನ ಮೇಲಿಟ್ಟು, ಬಿರಡೆ ತೆಗೆದ. ಲೋಟಕ್ಕೆ ಸುರಿಯುವ ಮೊದಲೇ ಕೋಣೆಯಲ್ಲೆಲ್ಲ ಹೊಗೆಯ ವಾಸನೆ ಹರಡಿತು. ಎಲ್ಲಿಯೋ ಬೆಂಕಿ ಬಿದ್ದಿದೆಯೆಂದು ನಾನು ಅಡಿಗೆಮನೆಯ ಕಡೆ ನೋಡಿದೆ. ಅವನು ನಕ್ಕು, “ಅಲ್ಲಿ ಅಲ್ಲ ಕಣಯ್ಯ, ಇಲ್ಲಿ” ಎಂದು ಬಾಟಲಿಯನ್ನು ತೋರಿಸಿದ.

“ನಮ್ಮ ಊರಿನ ಭಾನುವಾರದ ವಾಸನೆ ಇದು. ಒಂದೊಂದು ಮನೆಯ ಹಿತ್ತಲಲ್ಲೂ ಬಾರ್ಬೆಕ್ಯೂ ಹೊಗೆ ಏಳುವಾಗ ಹೀಗೆಯೇ ಇರುತ್ತದೆ” ಎಂದು ಅವನು ಹಬ್ಬದ ಮುಖ ಮಾಡಿದ. ಮನೆಯ ಯಜಮಾನ ತೀರ್ಥಹಳ್ಳಿಯ ಕಡೆಯವನು. ಅವನು ಲೋಟವನ್ನು ಮೂಗಿನ ಬಳಿ ಹಿಡಿದು ಕಣ್ಣು ಮುಚ್ಚಿ, “ನಮ್ಮ ಅಜ್ಜನ ಮನೆ ಬಚ್ಚಲೊಲೆ ಮಾರಾಯ!” ಎಂದು ಉದ್ಗಾರವೆತ್ತಿದ. ಮೂರನೆಯವನು ಹಾವೇರಿಯ ಕಡೆಯವನು. ಅವನು ಒಂದು ಸಲ ಮೂಸಿ ನೋಡಿ, ಲೋಟವನ್ನು ತೋಳಿನಷ್ಟು ದೂರಕ್ಕೆ ಸರಿಸಿ, “ಬ್ಯಾಡಪಾ, ಇದು ಸುಟ್ಟ ಮನಿ ವಾಸನಿ ಐತಿ” ಎಂದ. ನಾವು ಮೂವರೂ ನಕ್ಕೆವು. ಇವನಿಗೆ ರುಚಿಯ ಸೂಕ್ಷ್ಮ ತಿಳಿಯದೆಂದು ಒಬ್ಬ ಹಾಸ್ಯವನ್ನೂ ಮಾಡಿದ. ಆ ನಗುವಿನ ವಿಷಯ ಮುಂದೆ ಹೇಳುತ್ತೇನೆ.

ಆ ಪಾನೀಯದ ಹೆಸರು ‘ಬಾಲ್ಕೋನೀಸ್ ಬ್ರಿಮ್‌ಸ್ಟೋನ್’. ಟೆಕ್ಸಾಸಿನ ವೇಕೋ ಎಂಬ ಪಟ್ಟಣದಲ್ಲಿ ತಯಾರಾದದ್ದು. ಬ್ರಿಮ್‌ಸ್ಟೋನ್ ಎಂದರೆ ಗಂಧಕ; ಬೈಬಲ್ಲಿನಲ್ಲಿ ಪಾಪಿಗಳ ಪಟ್ಟಣಗಳ ಮೇಲೆ ಆಕಾಶದಿಂದ ಬೆಂಕಿಯೊಡನೆ ಸುರಿದ ಗಂಧಕ. ಇಂಥ ಹೆಸರನ್ನು ಹೊತ್ತ ವಸ್ತುವನ್ನು ಹಣ ಕೊಟ್ಟು ಕೊಳ್ಳುವವರು ಇದ್ದಾರಲ್ಲ ಎಂದು ನನಗೆ ಆಶ್ಚರ್ಯವಾಯಿತು. ಆ ಮೇಲೆ ಕುತೂಹಲದಿಂದ ಅದರ ಚರಿತ್ರೆಯನ್ನು ಓದಿದೆ.

2008ರಲ್ಲಿ ಚಿಪ್ ಟೇಟ್ ಎಂಬಾತ ವೇಕೋದ ಒಂದು ಸೇತುವೆಯ ಕೆಳಗಿದ್ದ ಹಳೆಯ ಬೆಸುಗೆಯ ಕಾರ್ಖಾನೆಯನ್ನು ಹಿಡಿದು ಈ ಭಟ್ಟಿಯನ್ನು ಆರಂಭಿಸಿದ. ಉಪಕರಣಗಳನ್ನು ಬಹುಮಟ್ಟಿಗೆ ತಾನೇ ಕೈಯಾರೆ ಕಟ್ಟಿಕೊಂಡ. 2009ರಲ್ಲಿ ಹೊರಬಂದ ‘ಬೇಬಿ ಬ್ಲೂ’ ಎಂಬುದು ಅದರ ಚೊಚ್ಚಲು. ಅಮೆರಿಕದ ಪಾನನಿರೋಧ 1933ರಲ್ಲಿ ಮುಗಿದ ಮೇಲೆ ಟೆಕ್ಸಾಸಿನಲ್ಲೇ ತಯಾರಾಗಿ ಕಾನೂನುಬದ್ಧವಾಗಿ ಮಾರಾಟಕ್ಕೆ ಬಂದ ಮೊದಲ ವಿಸ್ಕಿ ಎಂಬ ಹೆಸರು ಅದಕ್ಕೆ ಬಂದಿತು. ಬೆಳೆಸಿದವನಿಗೇ ಫಲ ನಿಲ್ಲಲಿಲ್ಲ. ಬಂಡವಾಳ ಹೂಡಿದವರೊಡನೆ ವಿರಸ ಹುಟ್ಟಿ, 2014ರಲ್ಲಿ ಟೇಟ್ ಆ ಸಂಸ್ಥೆಯನ್ನು ಬಿಟ್ಟುಹೋದ. 2022ರಲ್ಲಿ ಡಿಯಾಜಿಯೋ ಎಂಬ ಜಗದ್ವ್ಯಾಪಿ ಕಂಪನಿ ಅದನ್ನು ಕೊಂಡುಕೊಂಡಿತು.

ಈ ವಿಸ್ಕಿಯ ಮೂಲಧಾನ್ಯ ನಾವು ಮುಸುಕಿನ ಜೋಳವೆಂದು ಕರೆಯುವ ಮೆಕ್ಕೆಜೋಳ; ಅದರಲ್ಲೂ ನೀಲಿಬಣ್ಣದ ಜಾತಿ. ಅಮೆರಿಕದ ನೈಋತ್ಯ ಮೂಲೆಯಲ್ಲಿ ಹೋಪಿ, ಪ್ಯೂಬ್ಲೋ ಮೊದಲಾದ ಮೂಲನಿವಾಸಿಗಳು ಶತಮಾನಗಳಿಂದ ಇದನ್ನು ಬೆಳೆದುಕೊಂಡು ಬಂದಿದ್ದಾರೆ. ನೇರಳೆಹಣ್ಣಿಗೆ ಬಣ್ಣ ಕೊಡುವ ಜಾತಿಯ ದ್ರವ್ಯವೇ ಈ ಕಾಳಿಗೂ ಬಣ್ಣ ಕೊಡುತ್ತದೆ. ಅಲ್ಲಿಯ ಕಾನೂನಿನ ಪ್ರಕಾರ ಬರ್ಬನ್ ವಿಸ್ಕಿಯ ಧಾನ್ಯದಲ್ಲಿ ನೂರಕ್ಕೆ 51 ಭಾಗ ಈ ಜೋಳವಿದ್ದರೆ ಸಾಕು. ‘ಕಾರ್ನ್ ವಿಸ್ಕಿ’ ಎನ್ನಿಸಿಕೊಳ್ಳಲು 80 ಭಾಗಕ್ಕೆ ಕಡಮೆಯಿರಬಾರದು. ಬರ್ಬನ್ನನ್ನು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಕಾರ್ನ್ ವಿಸ್ಕಿಗೆ ಪೀಪಾಯಿಯೇ ಬೇಕೆಂಬ ನಿರ್ಬಂಧವಿಲ್ಲ. ಇಟ್ಟರೆ ಅದು ಹಿಂದೆ ಬಳಸಿದ ಪೀಪಾಯಿಯೋ ಸುಡದ ಪೀಪಾಯಿಯೋ ಆಗಿರಬೇಕು. ಮರದ ರುಚಿ ಧಾನ್ಯದ ರುಚಿಯನ್ನು ನುಂಗಿಬಿಡಬಾರದೆಂಬುದು ಈ ವ್ಯವಸ್ಥೆಯ ಫಲಿತಾರ್ಥ.

ಸೆಕೆಯ ನಾಡಿನಲ್ಲಿ ಪೀಪಾಯಿಯ ಕೆಲಸ ಬೇಗ ಸಾಗುತ್ತದೆ, ನಷ್ಟವೂ ಹೆಚ್ಚು. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ನೂರಕ್ಕೆ 2 ಭಾಗದಷ್ಟು ಆವಿಯಾಗಿ ಹೋದರೆ, ನಮ್ಮ ಬೆಂಗಳೂರಿನ ಅಮೃತ್ ಭಟ್ಟಿಯಲ್ಲಿ ಹತ್ತಕ್ಕೂ ಮೇಲೆ ಹೋಗುತ್ತದೆ. ಆ ಅಮೃತ್ 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೇ ಹೋಗಿ ತನ್ನ ಸಿಂಗಲ್ ಮಾಲ್ಟನ್ನು ಬಿಡುಗಡೆ ಮಾಡಿದಾಗ, ಬಿಸಿಲ ನಾಡಿನವರೂ ವಿಸ್ಕಿ ಮಾಡಬಲ್ಲರೆಂಬುದನ್ನು ಅಲ್ಲಿಯವರು ನಂಬಬೇಕಾಯಿತು. ಟೆಕ್ಸಾಸಿನವರದೂ ಅದೇ ಬಿಸಿಲು, ಅದೇ ಕಥೆ.

ಇನ್ನು ಹೊಗೆಯ ವಿಷಯ. ವಿಸ್ಕಿಗೆ ಹೊಗೆಯ ರುಚಿ ಹತ್ತಿಸುವುದು ಸ್ಕಾಟ್ಲೆಂಡಿನ ಐಲಾ ದ್ವೀಪದವರಿಗೆ ಹೊಸದೇನಲ್ಲ. ಜವುಗುನೆಲದಲ್ಲಿ ಸಾವಿರಾರು ವರ್ಷ ಕೊಳೆತು ಗಟ್ಟಿಯಾದ ಸಸ್ಯರಾಶಿಯನ್ನು ಪೀಟ್ ಎನ್ನುತ್ತಾರೆ. ಅದನ್ನು ಉರಿಸಿ, ಆ ಹೊಗೆಯಲ್ಲಿ ಮೊಳಕೆಯೊಡೆದ ಬಾರ್ಲಿಯನ್ನು ಒಣಗಿಸುತ್ತಾರೆ. ಅಲ್ಲಿ ಹೊಗೆ ಹತ್ತುವುದು ಕಾಳಿಗೆ. ವೇಕೋದವರ ರೀತಿ ಬೇರೆ. ಅವರು ಕಾಳಿಗೆ ಹೊಗೆ ಕೊಡುವುದಿಲ್ಲ, ಭಟ್ಟಿ ಇಳಿಸಿದ ದ್ರವಕ್ಕೇ ಕೊಡುತ್ತಾರೆ. ಅದೂ ಟೆಕ್ಸಾಸಿನ ಬಿಸಿಲಿನಲ್ಲಿ ಒಣಗಿದ ಕುರುಚಲು ಓಕ್ ಮರದ ಹೊಗೆಯನ್ನು. ಹೇಗೆ ಕೊಡುತ್ತಾರೆಂಬುದನ್ನು ಮಾತ್ರ ಗುಟ್ಟಾಗಿಟ್ಟಿದ್ದಾರೆ.

ಕಟ್ಟಿಗೆ ಉರಿಯುವಾಗ ಅದರಲ್ಲಿರುವ ಲಿಗ್ನಿನ್ ಎಂಬ ದ್ರವ್ಯ ಒಡೆದು ಗ್ವಾಯಕಾಲ್, ಸಿರಿಂಗಾಲ್ ಎಂಬ ವಸ್ತುಗಳು ಹೊಗೆಯಲ್ಲಿ ಸೇರುತ್ತವೆ. ಸುಟ್ಟ ಅಡಿಗೆಯ ಘಮ ಇವುಗಳಿಂದಲೇ. ಪೀಟಿನ ಹೊಗೆಯಲ್ಲಿ ಇವುಗಳೊಡನೆ ಕ್ರೆಸಾಲ್ ಮೊದಲಾದವೂ ಎದ್ದುತೋರುವುದರಿಂದ ಐಲಾದ ವಿಸ್ಕಿಗೆ ಆಸ್ಪತ್ರೆಯ ಔಷಧದ ವಾಸನೆ ಬರುತ್ತದೆ. ಓಕ್ ಹೊಗೆಗೆ ಒಲೆಯ ವಾಸನೆ ಬರುತ್ತದೆ. ರಸಾಯನಶಾಸ್ತ್ರ ಇಷ್ಟನ್ನು ಹೇಳಿ ಸುಮ್ಮನಾಗುತ್ತದೆ. ಆ ಒಲೆ ಯಾರ ಮನೆಯದು ಎಂಬುದನ್ನು ಅದು ಹೇಳಲಾರದು.

ಅದನ್ನು ಹೇಳುವವರು ವಿಸ್ಕಿಯ ರಸಿಕರು. ಇವರು ಕುಡಿದು ಮರೆಯುವವರಲ್ಲ. ಮೂಸಿ, ತುಟಿಗಿಟ್ಟು, ಅನಿಸಿದ್ದನ್ನು ಬರೆದಿಡುವವರು. ಈ ವಿಸ್ಕಿಯ ಬಗ್ಗೆ ಅವರ ಅಭಿಪ್ರಾಯಗಳನ್ನು ಓದುವುದೇ ಒಂದು ವಿನೋದ. ಒಬ್ಬರಿಗೆ ಅದು ಬಯಲಿನಲ್ಲಿ ರಾತ್ರಿ ಹೊತ್ತಿಸಿದ ಶಿಬಿರದ ಬೆಂಕಿ. ಇನ್ನೊಬ್ಬರಿಗೆ ಆ ಬೆಂಕಿಯ ಮೇಲೆ ಬೆಳಗ್ಗೆ ನೀರು ಸುರಿದಾಗ ಏಳುವ ನಾತ. ಒಬ್ಬರಿಗೆ ಚಕ್ಕೆ, ಕಂದುಸಕ್ಕರೆ, ಹದಮಾಡಿದ ತೊಗಲು; ಇನ್ನೊಬ್ಬರಿಗೆ ಟಾರು, ಬೂದಿ, ಸಿಗರೇಟಿನ ಬೂದಿಬಟ್ಟಲು. ನೂರಕ್ಕೆ 53 ಭಾಗ ಮದ್ಯಸಾರವಿರುವುದರಿಂದ ನೀರಿನ ನಾಲ್ಕು ತೊಟ್ಟು ಹಾಕಿದರೆ ಉರಿ ಇಳಿದು ಸವಿ ಮೇಲೆ ಬರುತ್ತದೆಂಬುದು ಕೆಲವರ ಅನುಭವ. ಇಷ್ಟು ಹೊಗೆ ಕುಡಿಯುವುದಕ್ಕಲ್ಲ, ಅಡಿಗೆಗೆ ಎನ್ನುವವರೂ ಉಂಟು. ಬಲ್ಲವರು ಒಂದು ವಿಷಯವನ್ನು ಒತ್ತಿ ಹೇಳುತ್ತಾರೆ: ಹೊಗೆಯನ್ನು ಯಾರು ಬೇಕಾದರೂ ಕಾಣಬಹುದು, ಹೊಗೆಯ ಅಡಿಯಲ್ಲಿ ಸಿಹಿಯಾಗಿ ಮಲಗಿರುವ ಜೋಳವನ್ನು ಕಂಡವನೇ ಅದನ್ನು ನಿಜವಾಗಿ ಕಂಡವನು.

ಈ ಬರೆಹಗಳಲ್ಲಿ ಸಾಲ ತಂದ ಮಾತುಗಳೂ ಇಲ್ಲದಿಲ್ಲ. ಬಾಟಲಿಯ ಚೀಟಿಯಲ್ಲಿ ಓಕ್ ಹೊಗೆಯೆಂದು ಓದಿದ ಮೇಲೆ ಮೂಗು ಓಕನ್ನೇ ಹುಡುಕುತ್ತದೆ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ನೂರು ಜನ ವಿದ್ಯಾರ್ಥಿಗಳು ಒಂದು ಕವಿತೆಯಲ್ಲಿ ಒಂದೇ ‘ಅಪೂರ್ವ ಮಾಧುರ್ಯ’ವನ್ನು ಕಂಡಾಗ, ಅವರು ಓದಿದ್ದು ಕವಿತೆಯನ್ನಲ್ಲ, ಕೈಪಿಡಿಯನ್ನು ಎಂದು ನಾವು ಮೇಷ್ಟರುಗಳು ಗುರುತಿಸುವುದಿಲ್ಲವೆ? ರಸಿಕರು ಇದಕ್ಕೊಂದು ಮದ್ದು ಕಂಡುಕೊಂಡಿದ್ದಾರೆ. ಹೆಸರನ್ನು ಮರೆಮಾಡಿ ರುಚಿ ನೋಡುವುದೇ ಆ ಮದ್ದು. 2012ರಲ್ಲಿ ಲಂಡನ್ನಿನಲ್ಲಿ ನಡೆದ ಅಂಥದೊಂದು ಸ್ಪರ್ಧೆಯಲ್ಲಿ ಇದೇ ಭಟ್ಟಿಯ ಸಿಂಗಲ್ ಮಾಲ್ಟ್ ವಿಸ್ಕಿ ಸ್ಕಾಟ್ಲೆಂಡಿನ ಘನತೆವೆತ್ತ ಹೆಸರುಗಳನ್ನು ಹಿಂದಿಕ್ಕಿ ಮೊದಲನೆಯದಾಯಿತು. ಆಗ ಆ ಭಟ್ಟಿಯ ವಯಸ್ಸು ನಾಲ್ಕೇ ವರ್ಷ.

ಆದರೆ ಹೆಸರನ್ನು ಮರೆಮಾಡಿದಷ್ಟು ಸುಲಭವಾಗಿ ನೆನಪನ್ನು ಮರೆಮಾಡಲು ಬರುವುದಿಲ್ಲ. ಇಲ್ಲಿಯೇ ನಾನು ಮೊದಲು ಹೇಳಿದ ಕನ್ನಡದ ಮಾತು ಬರುವುದು. ಕನ್ನಡದಲ್ಲಿ ‘ವಾಸನೆ’ ಎಂದರೆ ಮೂಗಿಗೆ ತಿಳಿಯುವ ಗಂಧ. ಸಂಸ್ಕೃತದ ಶಾಸ್ತ್ರಗಳಲ್ಲಿ ‘ವಾಸನಾ’ ಎಂದರೆ ಹಿಂದಿನ ಅನುಭವ ಮನಸ್ಸಿನಲ್ಲಿ ಉಳಿಸಿಹೋದ ಸಂಸ್ಕಾರ. ಹೂವನ್ನು ತೆಗೆದ ಮೇಲೂ ಬಟ್ಟೆಯಲ್ಲಿ ನಿಲ್ಲುವ ಪರಿಮಳದಂತೆ. ಭರತಮುನಿ ಕಾವ್ಯರಸವನ್ನು ವಿವರಿಸಲು ಊಟದ ರುಚಿಯನ್ನೇ ದೃಷ್ಟಾಂತವಾಗಿ ತೆಗೆದುಕೊಂಡ. ಸಾವಿರ ವರ್ಷದ ಹಿಂದೆ ಅವನ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಕಾಶ್ಮೀರದ ಅಭಿನವಗುಪ್ತ, ಮನಸ್ಸಿನಲ್ಲಿ ವಾಸನೆಯಿಲ್ಲದವನಿಗೆ ರಸಾಸ್ವಾದವಿಲ್ಲವೆಂದ. ರಸಕ್ಕೆ ಅಡ್ಡಬರುವ ಏಳು ವಿಘ್ನಗಳನ್ನೂ ಎಣಿಸಿದ. ಅವುಗಳಲ್ಲೊಂದು, ತನ್ನ ಸ್ವಂತ ಸುಖದುಃಖಕ್ಕೆ ಮನಸ್ಸು ವಶವಾಗಿಬಿಡುವುದು. ಈ ಪಾಠವನ್ನು ನಾನು ವರ್ಷವರ್ಷವೂ ತರಗತಿಯಲ್ಲಿ ಒಪ್ಪಿಸುತ್ತ ಬಂದಿದ್ದೇನೆ. ಅದರ ಅರ್ಥ ತಿಳಿದದ್ದು ಅಂದು ರಾತ್ರಿ.

ಊಟ ಮುಗಿಸಿ ಹಾವೇರಿಯ ಗೆಳೆಯನೂ ನಾನೂ ಬಸ್ ನಿಲ್ದಾಣದವರೆಗೆ ಒಟ್ಟಿಗೆ ನಡೆದೆವು. ದಾರಿಯಲ್ಲಿ ಅವನು ತಾನಾಗಿಯೇ ಹೇಳಿದ. ಅವನಿಗೆ ಏಳು ವರ್ಷವಾಗಿದ್ದಾಗ ಸುಗ್ಗಿಯ ಕಾಲದಲ್ಲಿ ವಿದ್ಯುತ್ ತಂತಿಯ ಕಿಡಿ ಬಿದ್ದು ಹಿತ್ತಲ ಬಣವೆಗೆ ಬೆಂಕಿ ಹತ್ತಿತಂತೆ. ಬಣವೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಮನೆಗೆ. ಅವನ ತಂದೆ ಕುಡುಗೋಲು ಹಿಡಿದು ಎತ್ತುಗಳ ಹಗ್ಗ ಕೊಯ್ಯಲು ಒಳಗೆ ಓಡಿದರು. ಪಡಸಾಲೆಯಲ್ಲಿ ಆ ವರ್ಷದ ಬೆಳೆಯೆಲ್ಲ ತೆನೆತೆನೆಯಾಗಿ ರಾಶಿ ಬಿದ್ದಿತ್ತು. ಅವರ ಕಡೆ ಗೋವಿನಜೋಳವೆನ್ನುವುದು ನಮ್ಮ ಮುಸುಕಿನ ಜೋಳವನ್ನೇ. ತೊಲೆಯೊಡನೆ ಅದೂ ಎರಡು ದಿನ ಒಳಗೊಳಗೇ ಬೇಯುತ್ತ ಹೊಗೆಯಾಡಿತು. ಉಳಿದ ಅವನ ಶಾಲೆಯ ಪುಸ್ತಕಗಳಲ್ಲಿ ಆ ವಾಸನೆ ಬಹಳ ಕಾಲ ನಿಂತಿತ್ತು. ಓದಿಸುವ ಶಕ್ತಿ ಮನೆಯಲ್ಲಿ ಉಳಿಯದೆ ಅವನನ್ನು ಬೆಂಗಳೂರಿನ ಸೋದರಮಾವನ ಮನೆಗೆ ಕಳಿಸಿದರು.

“ಮೊದಲು ಕಟಗಿ ಹೊಗಿ ಬಂತು. ಅದರ ಕೆಳಗ ಸುಟ್ಟ ಗೋವಿನಜೋಳ. ಥೇಟ್ ಅದs” ಎಂದ.

ನನಗೆ ನಾಚಿಕೆಯಾಯಿತು. ಮೂವರ ಪೈಕಿ ಹೊಗೆಯ ಅಡಿಯಲ್ಲಿದ್ದ ಜೋಳವನ್ನು ಕಂಡವನು ಇವನೊಬ್ಬನೇ. ಬಲ್ಲವರು ವರ್ಷಗಟ್ಟಲೆ ಅಭ್ಯಾಸ ಮಾಡಿ ಹುಡುಕುವುದನ್ನು ಇವನು ಒಂದೇ ಉಸಿರಿಗೆ ಹಿಡಿದಿದ್ದ. ನಾವು ಅವನಿಗೆ ರುಚಿ ತಿಳಿಯದೆಂದು ನಕ್ಕಿದ್ದೆವು. ಶಾಸ್ತ್ರದ ಲೆಕ್ಕದಲ್ಲಿ ಅವನ ದುಃಖ ಆಸ್ವಾದಕ್ಕೆ ವಿಘ್ನವೇ ಇರಬಹುದು. ಆದರೆ ಅವನ ಮೂಗು ಸುಳ್ಳು ಹೇಳಲಿಲ್ಲ. ತೀರ್ಥಹಳ್ಳಿಯವನಿಗೆ ಬಚ್ಚಲೊಲೆಯನ್ನು ತೋರಿಸಿದ ವಾಸನೆಯೂ, ಟೆಕ್ಸಾಸಿನವನಿಗೆ ಭಾನುವಾರವನ್ನು ತೋರಿಸಿದ ವಾಸನೆಯೂ, ಇವನಿಗೆ ಉರಿಯುವ ಪಡಸಾಲೆಯನ್ನು ತೋರಿಸಿದ ವಾಸನೆಯೂ ಒಂದೇ ಬಾಟಲಿಯದು. ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂದು ಒಬ್ಬರು ಹೇಳಿದಾಗ ನಾವು ವಸ್ತುವಿನ ಬಗ್ಗೆ ವಾದಕ್ಕಿಳಿಯುತ್ತೇವೆ. ಅವರು ತಮ್ಮ ಬಗ್ಗೆ ಏನನ್ನೋ ಹೇಳುತ್ತಿರಬಹುದೆಂಬುದು ನಮಗೆ ಹೊಳೆಯುವುದಿಲ್ಲ. ವಿಸ್ಕಿಗೆ ಮಾತ್ರವಲ್ಲ, ಮನೆಯ ಸಾರಿಗೂ, ಓದಿದ ಕಾದಂಬರಿಗೂ, ಕೇಳಿದ ಹಾಡಿಗೂ ಇದು ಸಲ್ಲುತ್ತದೆ. ನಗುವ ಮುಂಚೆ ಒಂದು ಮಾತು ಕೇಳಿದ್ದರೆ ನಮಗೆ ನಷ್ಟವೇನಿತ್ತು?

ಮನೆಗೆ ಬಂದಾಗ ರಾತ್ರಿ ಹನ್ನೊಂದಾಗಿತ್ತು. ಬಾಟಲಿಯಿಂದ ಸುರಿಯುವಾಗ ಒಂದೆರಡು ತೊಟ್ಟು ನನ್ನ ತೋಳಿನ ಮೇಲೆ ಚೆಲ್ಲಿದ್ದಿರಬೇಕು. ನನ್ನಾಕೆ ಬಾಗಿಲು ತೆರೆದವಳೇ ಅಂಗಿಯನ್ನು ಮೂಸಿ, “ಯಾರ ಮನೇಲಿ ಹೋಮ ಇತ್ತು?” ಎಂದು ಕೇಳಿದಳು. ನಾನು ಕುಳಿತು ನಡೆದದ್ದನ್ನೆಲ್ಲ ಹೇಳಿದೆ. ಬಾಟಲಿಯ ವಿಷಯಕ್ಕೆ ಏನಾದರೂ ಅಂದಾಳೆಂದು ಕಾದೆ. ಅವಳು ಅದನ್ನೆತ್ತಲಿಲ್ಲ.

“ಎತ್ತುಗಳು ಉಳಿದವಂತಾ?” ಎಂದು ಕೇಳಿದಳು.

ಎರಡೂ ಉಳಿದುವಂತೆ ಎಂದೆ.